ಥಯಾಜೋಲ್: ಉಂಗುರ ಒಂದೇ, ಫಲ ಬೇರೆ ಬೇರೆ

ಸುಡಾಕ್ಸಿಕಾಮ್ ಅನ್ನೋ ಹೆಸರನ್ನು ನೀವು ಕೇಳಿರಲಾರಿರಿ. ಅದು ಮಾರುಕಟ್ಟೆಗೆ ಬರಲೇ ಇಲ್ಲ. ಮೆಲೊಕ್ಸಿಕಾಮ್ ಹೆಸರು ಮಾತ್ರ ಸಂಧಿವಾತ ಇರುವ ಎಷ್ಟೋ ಜನರಿಗೆ ಗೊತ್ತು. ಎರಡನ್ನೂ ಮಾಡಿದ್ದು ನೋವು, ಊತ ಇಳಿಸೋಕೆ. ಎರಡರ ರಚನೆಯ ಚಿತ್ರವನ್ನು ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ವ್ಯತ್ಯಾಸ ಇರೋದು ಒಂದೇ ಒಂದು ಕಡೆ. ಎರಡರ ತುದಿಯಲ್ಲೂ ಥಯಾಜೋಲ್ ಎಂಬ ಪುಟ್ಟ ಉಂಗುರವಿದೆ. ಮೆಲೊಕ್ಸಿಕಾಮ್‌ನ ಉಂಗುರಕ್ಕೆ ಒಂದು ಮಿಥೈಲ್ ಗುಂಪು ಅಂಟಿಕೊಂಡಿದೆ, ಅಂದರೆ ಒಂದು ಇಂಗಾಲ, ಮೂರು ಜಲಜನಕ. ಸುಡಾಕ್ಸಿಕಾಮ್‌ಗೆ ಅದಿಲ್ಲ. ಅಷ್ಟೇ.

ಆದರೆ ಆ ಅಷ್ಟಕ್ಕೇ ಒಂದರ ಹಣೆಬರಹ ಒಂದು ದಿಕ್ಕು, ಇನ್ನೊಂದರದ್ದು ಇನ್ನೊಂದು ದಿಕ್ಕು ಹಿಡಿಯಿತು. ಸುಡಾಕ್ಸಿಕಾಮ್ ಕೊಟ್ಟ ಜನರಲ್ಲಿ ಲಿವರ್‌ಗೆ ತೀವ್ರ ಹಾನಿ ಕಂಡುಬಂತು. ಮನುಷ್ಯರ ಮೇಲಿನ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರು. ಮೆಲೊಕ್ಸಿಕಾಮ್‌ಗೆ 2000ದಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಇವತ್ತಿಗೂ ಲಕ್ಷಾಂತರ ಜನ ಅದನ್ನು ನುಂಗುತ್ತಾರೆ. ಇತರ ನೋವುನಿವಾರಕಗಳ ಹಾಗೆ ಹೊಟ್ಟೆ, ಕಿಡ್ನಿ, ಹೃದಯದ ಬಗ್ಗೆ ಎಚ್ಚರಿಕೆ ಅದಕ್ಕೂ ಇದೆ. ಆದರೆ ತನ್ನ ಅವಳಿಯ ಹಾಗೆ ಅದು ಲಿವರ್ ಸುಡಲಿಲ್ಲ.

ಯಾಕೆ ಹೀಗಾಯಿತು ಅಂತ ಬಿಡಿಸಿ ಹೇಳಿದ್ದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ. ನಾವು ನುಂಗಿದ ಔಷಧಿಯನ್ನು ಲಿವರ್‌ನ ಕಿಣ್ವಗಳು ಸುಮ್ಮನೆ ಬಿಡುವುದಿಲ್ಲ. ಎಲ್ಲಿ ಹಿಡಿ ಸಿಗುತ್ತದೋ ಅಲ್ಲಿ ಒಂದು ಆಮ್ಲಜನಕ ಸೇರಿಸಿ, ನೀರಲ್ಲಿ ಕರಗುವ ಹಾಗೆ ಮಾಡಿ ಹೊರಗೆ ಕಳಿಸಲು ನೋಡುತ್ತವೆ. ಸುಡಾಕ್ಸಿಕಾಮ್‌ನಲ್ಲಿ ಅವಕ್ಕೆ ಸಿಕ್ಕ ಹಿಡಿ ಥಯಾಜೋಲ್ ಉಂಗುರವೇ. ಉಂಗುರದ 4 ಮತ್ತು 5ನೇ ಇಂಗಾಲಗಳ ನಡುವಿನ ಬಂಧಕ್ಕೆ ಆಮ್ಲಜನಕ ಸೇರಿತು, ಉಂಗುರ ಒಡೆದು ಬಿಚ್ಚಿಕೊಂಡಿತು. ಉಳಿದ ತುಂಡು ಥಯೋಯೂರಿಯಾ ಜಾತಿಯದ್ದು, ಜೀವಕೋಶದ ಪ್ರೋಟೀನುಗಳಿಗೆ ಹಾನಿ ಮಾಡಬಲ್ಲದ್ದು. ಮೆಲೊಕ್ಸಿಕಾಮ್‌ನಲ್ಲಿ ಅದೇ ಜಾಗದಲ್ಲಿ ಮಿಥೈಲ್ ಕೂತಿತ್ತು. ಕಿಣ್ವ ಬಹುಪಾಲು ಆ ಮಿಥೈಲ್‌ಗೇ ಬಾಯಿ ಹಾಕಿತು. ಮಿಥೈಲ್ ಮೊದಲು ಆಲ್ಕೊಹಾಲ್ ಆಯಿತು, ಆಮೇಲೆ ಆಮ್ಲವಾಯಿತು, ಅಪಾಯವಿಲ್ಲದೆ ದೇಹದಿಂದ ಹೊರಗೆ ಹೋಯಿತು. ಉಂಗುರ ಹೆಚ್ಚಾಗಿ ಇಡಿಯಾಗಿ ಉಳಿಯಿತು. ಮೆಲೊಕ್ಸಿಕಾಮ್ ದಿನಕ್ಕೆ 7.5ರಿಂದ 15 ಮಿಲಿಗ್ರಾಂ ಸಾಕು ಅನ್ನೋದೂ ಅದರ ಪಾಲಿಗೆ ಒಳ್ಳೆಯದೇ ಆಯಿತು.

ಈ ಕಥೆಯಿಂದಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. ‘ಹೊಸ ಥಯಾಜೋಲ್ ಸಂಯುಕ್ತ ಕ್ಯಾನ್ಸರ್ ಕೋಶ ಕೊಂದಿತು’, ‘ಥಯಾಜೋಲ್‌ನಿಂದ ಸೂಪರ್‌ಬಗ್‌ಗೆ ಮದ್ದು’ ಅನ್ನೋ ತರದ ಸುದ್ದಿ, ಸಂಶೋಧನಾ ಪ್ರಬಂಧ ಈಗ ಬೇಕಾದಷ್ಟು ಬರುತ್ತವೆ. ಓದಿದರೆ ಥಯಾಜೋಲ್ ಅನ್ನೋದೇ ಒಂದು ಔಷಧಿ ಅನ್ನಿಸಿಬಿಡುತ್ತದೆ. ಹಾಗಲ್ಲ. ಥಯಾಜೋಲ್ ಔಷಧಿಯ ಒಂದು ಅಂಗ. ಅದು ಅಣುವಿನ ಯಾವ ಜಾಗದಲ್ಲಿ ಕೂತಿದೆ, ಅದರ ಅಕ್ಕಪಕ್ಕ ಯಾರಿದ್ದಾರೆ ಅನ್ನೋದರ ಮೇಲೆ ಅದು ಮದ್ದೋ ವಿಷವೋ ಅನ್ನೋದು ನಿಂತಿದೆ. ಕಾಯಿಲೆ ಬಿದ್ದವರು ಇಂಥ ಸುದ್ದಿಗಳನ್ನು ತುಂಬಾ ಆಸೆಯಿಂದ ಓದುತ್ತಾರೆ. ಅದಕ್ಕೇ ಈ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಿರಬೇಕು ಅನ್ನೋದು ನನ್ನ ಕಳಕಳಿ.

ಐದು ಪರಮಾಣುಗಳ ಸಂಸಾರ

ಥಯಾಜೋಲ್‌ನಲ್ಲಿ ಐದು ಪರಮಾಣುಗಳು ಉಂಗುರವಾಗಿ ಕೈ ಹಿಡಿದು ನಿಂತಿರುತ್ತವೆ. ಮೂರು ಇಂಗಾಲ, ಒಂದು ಸಾರಜನಕ, ಒಂದು ಗಂಧಕ. ಗಂಧಕಕ್ಕೆ 1ನೇ ಸ್ಥಾನ, ಸಾರಜನಕಕ್ಕೆ 3ನೇ ಸ್ಥಾನ. ಇಡೀ ಉಂಗುರ ಚಪ್ಪಟೆ, ಗಟ್ಟಿಮುಟ್ಟು.

ಒಂದೊಂದು ಪರಮಾಣುವಿಗೂ ಒಂದೊಂದು ಗುಣ. ಸಾರಜನಕ ತನ್ನಲ್ಲಿರುವ ಎಲೆಕ್ಟ್ರಾನ್ ಜೋಡಿಯನ್ನು ಮುಂದೆ ಚಾಚುತ್ತದೆ. ಪ್ರೋಟೀನಿನಲ್ಲಿರುವ ಜಲಜನಕವನ್ನೋ, ಲೋಹದ ಪರಮಾಣುವನ್ನೋ ಅದರಿಂದ ಹಿಡಿಯಬಹುದು. ಗಂಧಕ ದೊಡ್ಡ ಗಾತ್ರದ್ದು, ಮೆತ್ತಗಿನದು, ಎಣ್ಣೆಯಂಥ ಜಾಗದಲ್ಲೂ ಒಗ್ಗಿಕೊಳ್ಳುತ್ತದೆ. ಅದರ ಬದಿಯಲ್ಲಿ ಎಲೆಕ್ಟ್ರಾನ್ ಕಡಿಮೆ ಇರುವ ಒಂದು ಜಾಗವಿದೆ. ಅದೇ ಅಣುವಿನ ಇನ್ನೊಂದು ಮೂಲೆಯ ಆಮ್ಲಜನಕ ಹತ್ತಿರ ಬಂದರೆ ಆ ಕಡೆಗೇ ವಾಲುತ್ತದೆ. ಹಾಗಾಗಿ ಇಡೀ ಅಣು ಬೇಕಾದ ಭಂಗಿಯಲ್ಲಿ ನಿಲ್ಲುವಂತೆ ಮಾಡೋದಕ್ಕೆ ಗಂಧಕ ನೆರವಾಗುತ್ತದೆ. ಔಷಧಿ ರೂಪಿಸುವವರಿಗೆ ಇದು ದೊಡ್ಡ ಅನುಕೂಲ. ಅಲ್ಲಾಡುವ ಬೀಗದ ಕೈಗಿಂತ ನೆಟ್ಟಗೆ ನಿಲ್ಲುವ ಬೀಗದ ಕೈ ವಾಸಿ ಅಲ್ವಾ?

ಔಷಧಿಶಾಸ್ತ್ರ ಹುಟ್ಟುವುದಕ್ಕೂ ಮೊದಲೇ ಜೀವಿಗಳು ಈ ಉಂಗುರವನ್ನು ಬಳಸುತ್ತಿದ್ದವು. ವಿಟಮಿನ್ ಬಿ1, ಅಂದರೆ ಥಯಾಮಿನ್, ಅದರ ಕೆಲಸವೆಲ್ಲ ನಡೆಯೋದು ಥಯಾಜೋಲ್ ಭಾಗದಲ್ಲೇ. ಥಯಾಮಿನ್‌ನಲ್ಲಿ ಸಾರಜನಕಕ್ಕೆ ಧನ ವಿದ್ಯುದಂಶ ಇರುತ್ತದೆ. ಗಂಧಕ ಒಂದು ಪಕ್ಕ, ಈ ಸಾರಜನಕ ಇನ್ನೊಂದು ಪಕ್ಕ. ನಡುವೆ ಸಿಕ್ಕಿಕೊಂಡ 2ನೇ ಇಂಗಾಲ ತನ್ನ ಜಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಹಾಗೆ ಬರಿದಾದ ಇಂಗಾಲವೇ, ಸಕ್ಕರೆ ಒಡೆದಾಗ ಸಿಗುವ ಪೈರುವೇಟ್‌ನಂಥ ಅಣುವನ್ನು ಹಿಡಿದು ಸೀಳುತ್ತದೆ. ಇದನ್ನು 1958ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ರಸಾಯನಶಾಸ್ತ್ರಜ್ಞ ರೊನಾಲ್ಡ್ ಬ್ರೆಸ್ಲೊ. ಸಕ್ಕರೆಯಿಂದ ನಮ್ಮ ಜೀವಕೋಶಗಳು ಶಕ್ತಿ ತೆಗೆಯುವ ದಾರಿಯಲ್ಲಿ ಈ ಹೆಜ್ಜೆ ತಪ್ಪಿದರೆ ನರ, ಹೃದಯ ಎರಡೂ ಸೊರಗುತ್ತವೆ. ಬೆರಿಬೆರಿ ಕಾಯಿಲೆ ಅಂದರೆ ಇದೇ.

ಇದೇ ಹೆಜ್ಜೆಯನ್ನು ಶತ್ರುವಿನ ಮೇಲೂ ತಿರುಗಿಸಬಹುದು. ಕೆಲವು ಕರುಳಿನ ಪರಾವಲಂಬಿಗಳು ಪೈರುವೇಟ್ ಒಡೆಯಲು ನಮ್ಮಲ್ಲಿಲ್ಲದ ಬೇರೊಂದು ಕಿಣ್ವ ಬಳಸುತ್ತವೆ. ಅದಕ್ಕೂ ಥಯಾಮಿನ್ ಬೇಕು. ನೈಟಜಾಕ್ಸನೈಡ್ ಎಂಬ ಔಷಧಿ ಆ ಕೆಲಸಕ್ಕೇ ಅಡ್ಡಗಾಲು ಹಾಕುತ್ತದೆ. ಅದರ ಒಳಗಿರುವುದೂ ಒಂದು ಥಯಾಜೋಲ್ ಉಂಗುರವೇ, ನೈಟ್ರೋ ಗುಂಪು ಹೊತ್ತದ್ದು.

ಹಿಡಿಯುವ ಸಾರಜನಕ, ಹಿಡಿಯದ ಸಾರಜನಕ

ಜಾಗ ಮುಖ್ಯ ಅಂದೆ. ಅದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಎರಡು ಔಷಧಿಗಳ ಜೋಡಿ, ಫ್ಯಾಮೊಟಿಡಿನ್ ಮತ್ತು ರಿಟೊನಾವಿರ್. ಒಂದು ಹೊಟ್ಟೆಯ ಆಮ್ಲಕ್ಕೆ, ಇನ್ನೊಂದು ವೈರಸ್‌ಗೆ. ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ಎರಡರಲ್ಲೂ ಥಯಾಜೋಲ್ ಇದೆ.

ಫ್ಯಾಮೊಟಿಡಿನ್‌ಗಿಂತ ಮುಂಚೆ ಬಂದದ್ದು ಸಿಮೆಟಿಡಿನ್. ಜಠರದ ಆಮ್ಲ ತಗ್ಗಿಸುವ ಆ ಸಾಲಿನ ಔಷಧಿಗಳಿಗೆ ದಾರಿ ಹಾಕಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಆದರೆ ಸಿಮೆಟಿಡಿನ್‌ಗೆ ಒಂದು ತೊಡಕಿತ್ತು. ಅದರ ಇಮಿಡಜೋಲ್ ಉಂಗುರದ ಸಾರಜನಕ, ಲಿವರ್ ಕಿಣ್ವಗಳ ಒಡಲಲ್ಲಿರುವ ಕಬ್ಬಿಣವನ್ನು ಹೋಗಿ ಹಿಡಿದುಕೊಳ್ಳುತ್ತಿತ್ತು. ಕಿಣ್ವದ ಕೈ ಕಟ್ಟಿದ ಹಾಗಾಗಿ, ರೋಗಿ ತೆಗೆದುಕೊಳ್ಳುವ ಬೇರೆ ಔಷಧಿಗಳು ರಕ್ತದಲ್ಲಿ ಜಾಸ್ತಿ ಉಳಿಯುತ್ತಿದ್ದವು. ಫ್ಯಾಮೊಟಿಡಿನ್‌ನಲ್ಲಿ ಇಮಿಡಜೋಲ್ ಜಾಗಕ್ಕೆ ಥಯಾಜೋಲ್ ಬಂತು. ಅದರ ಸಾರಜನಕದ ಒಂದು ಪಕ್ಕದ ಇಂಗಾಲದಲ್ಲಿ ಗ್ವಾನಿಡಿನ್ ಗುಂಪು, ಇನ್ನೊಂದು ಪಕ್ಕದ ಇಂಗಾಲದಲ್ಲಿ ಉದ್ದನೆಯ ಸರಪಳಿ. ಎರಡೂ ಕಡೆ ಜನ ನಿಂತ ಹಾಗೆ. ಕಬ್ಬಿಣದ ಹತ್ತಿರ ಹೋಗಲು ಸಾರಜನಕಕ್ಕೆ ದಾರಿಯೇ ಇಲ್ಲ. ಔಷಧಿಯ ಬಲವೂ ಹೆಚ್ಚಿತು, ಬೇರೆ ಔಷಧಿಗಳ ಜೊತೆಗಿನ ತಕರಾರೂ ಕಡಿಮೆಯಾಯಿತು.

ಈಗ ರಿಟೊನಾವಿರ್ ನೋಡಿ. ಎಚ್‌ಐವಿ ವೈರಸ್‌ನ ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಕಿಣ್ವವನ್ನು ತಡೆಯಲು ಹುಡುಕಾಟ ನಡೆಯುತ್ತಿದ್ದಾಗ ಅದರ ಹಿಂದಿನ ಅಣುಗಳ ಎರಡು ತುದಿಗಳಲ್ಲಿ ಪಿರಿಡಿನ್ ಉಂಗುರಗಳಿದ್ದವು. ದೇಹ ಅವನ್ನು ಬೇಗ ಬೇಗ ಒಡೆದು ಹಾಕುತ್ತಿತ್ತು. ಪಿರಿಡಿನ್ ತೆಗೆದು ಥಯಾಜೋಲ್ ಹಾಕಿದರು. ಔಷಧಿ ರಕ್ತದಲ್ಲಿ ಬಹಳ ಹೊತ್ತು ನಿಲ್ಲತೊಡಗಿತು. 1996ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು.

ಆದರೆ ಅದರ ಒಂದು ತುದಿಯ ಥಯಾಜೋಲ್ ಅಣುವಿಗೆ ಕೂಡಿಕೊಂಡಿರುವುದು 5ನೇ ಸ್ಥಾನದಲ್ಲಿ. ಸಾರಜನಕದ ಎರಡೂ ಪಕ್ಕ ಬರೀ ಜಲಜನಕ. ಅಡ್ಡ ಬರುವವರೇ ಇಲ್ಲ. ಆ ಸಾರಜನಕ ಲಿವರ್‌ನ ಸಿವೈಪಿ3ಎ4 ಕಿಣ್ವದ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಫ್ಯಾಮೊಟಿಡಿನ್‌ನಲ್ಲಿ ಯಾವ ಕೆಲಸ ಆಗಬಾರದು ಅಂತ ಥಯಾಜೋಲ್ ತಂದರೋ, ಇಲ್ಲಿ ಥಯಾಜೋಲ್ ಅದನ್ನೇ ಜೋರಾಗಿ ಮಾಡುತ್ತದೆ!

ಮೊದಲಿಗೆ ಇದು ದೊಡ್ಡ ತಲೆನೋವಾಗಿತ್ತು. ನಾವು ನುಂಗುವ ಔಷಧಿಗಳಲ್ಲಿ ದೊಡ್ಡ ಪಾಲನ್ನು ಒಡೆಯುವುದು ಇದೇ ಸಿವೈಪಿ3ಎ4. ಅದನ್ನು ಕಟ್ಟಿಹಾಕಿದರೆ ಉಳಿದ ಔಷಧಿಗಳ ಲೆಕ್ಕವೆಲ್ಲ ಏರುಪೇರು. ಆದರೆ ಎಚ್‌ಐವಿ ವೈದ್ಯರು ಇದನ್ನೇ ತಿರುಗಿಸಿ ಯೋಚಿಸಿದರು. ಬೇರೆ ಪ್ರೋಟಿಯೇಸ್ ತಡೆಗಳನ್ನೂ ಇದೇ ಕಿಣ್ವ ಬೇಗ ಹಾಳು ಮಾಡುತ್ತಿತ್ತಲ್ಲ, ಅವುಗಳ ಜೊತೆ ಸ್ವಲ್ಪ ರಿಟೊನಾವಿರ್ ಕೊಟ್ಟರೆ? ವೈರಸ್ ತಡೆಯಲು ದಿನಕ್ಕೆರಡು ಸಲ 600 ಮಿಲಿಗ್ರಾಂ ಬೇಕಿದ್ದ ಔಷಧಿ, ಹೀಗೆ ಕಾವಲಿಗೆ ನಿಲ್ಲೋದಕ್ಕೆ 100 ಮಿಲಿಗ್ರಾಂ ಸಾಕಾಯಿತು. ಆಮೇಲೆ ಬಂದ ಕೊಬಿಸಿಸ್ಟ್ಯಾಟ್ ಅನ್ನು ಈ ಕಾವಲು ಕೆಲಸಕ್ಕೆಂದೇ ಕಟ್ಟಿದರು. ವೈರಸ್ ಮೇಲೆ ಅದಕ್ಕೆ ಏನೂ ಪ್ರಭಾವವಿಲ್ಲ. ಥಯಾಜೋಲ್ ಮಾತ್ರ ಅದೇ ತುದಿಯಲ್ಲಿ ಹಾಗೇ ಇದೆ.

2021ರ ಡಿಸೆಂಬರ್‌ನಲ್ಲಿ ಕೋವಿಡ್‌ಗೆ ಪ್ಯಾಕ್ಸ್‌ಲೋವಿಡ್ ಬಂದಾಗ ಇಡೀ ಜಗತ್ತು ಈ ಪಾಠವನ್ನು ಮತ್ತೊಮ್ಮೆ ಕಂಡಿತು. ಪೊಟ್ಟಣದಲ್ಲಿ ಎರಡು ಔಷಧಿ. ವೈರಸ್ ತಡೆಯುವುದು ನಿರ್ಮಾಟ್ರೆಲ್ವಿರ್, 300 ಮಿಲಿಗ್ರಾಂ. ಅದು ಬೇಗ ಕರಗಿಹೋಗದಂತೆ ಕಾಯುವುದು ರಿಟೊನಾವಿರ್, 100 ಮಿಲಿಗ್ರಾಂ. ದಿನಕ್ಕೆರಡು ಸಲ, ಐದು ದಿನ. ಕಿಣ್ವ ಕಟ್ಟಿಬಿದ್ದಿರುವ ಆ ಐದು ದಿನ ಕೊಲೆಸ್ಟರಾಲ್‌ಗೆ ಸಿಮ್ವಾಸ್ಟ್ಯಾಟಿನ್ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಬೇಕಾಯಿತು. ಅಂಗ ಕಸಿ ಮಾಡಿಸಿಕೊಂಡವರು ನುಂಗುವ ಟ್ಯಾಕ್ರೊಲಿಮಸ್ ಔಷಧಿಯ ವಿಷಯದಲ್ಲಂತೂ ವೈದ್ಯರು ಮೈಯೆಲ್ಲ ಕಣ್ಣಾಗಿರಬೇಕಾಯಿತು. ಔಷಧಿ ಯಾರಿಗೆ ಹೆಚ್ಚು ಬೇಕಿತ್ತೋ, ವಯಸ್ಸಾದವರು, ನಾಲ್ಕಾರು ಮಾತ್ರೆ ನುಂಗುವವರು, ಅವರಿಗೇ ಅದನ್ನು ಕೊಡುವುದು ಕಷ್ಟ. ಅದಕ್ಕೆಲ್ಲ ಮೂಲ, ನೆರೆಹೊರೆಯಿಲ್ಲದ ಆ ಒಂದು ಸಾರಜನಕ.

ರಿಟೊನಾವಿರ್ ಬಗ್ಗೆ ಇನ್ನೊಂದು ಮಾತು, ಸ್ವಲ್ಪ ಆಚೀಚೆಯದಾದರೂ ಹೇಳಲೇಬೇಕು. 1998ರಲ್ಲಿ ಈ ಔಷಧಿಯ ಕ್ಯಾಪ್ಸೂಲ್‌ಗಳು ಇದ್ದಕ್ಕಿದ್ದಂತೆ ಸರಿಯಾಗಿ ಕರಗುವುದನ್ನೇ ಬಿಟ್ಟವು. ಅಣು ಬದಲಾಗಿರಲಿಲ್ಲ. ಅದೇ ಅಣುಗಳು ಬೇರೆ ತರ ಜೋಡಿಸಿಕೊಂಡು ಹೊಸ ಬಗೆಯ ಹರಳಾಗಿದ್ದವು. ಆ ಹರಳು ಹೆಚ್ಚು ಗಟ್ಟಿ, ಕರಗುವುದು ಕಡಿಮೆ. ಒಂದು ಸಲ ಕಾಣಿಸಿಕೊಂಡ ಮೇಲೆ ಅದರ ಸಣ್ಣ ಕಣ ಸೋಕಿದರೂ ಸಾಕು, ಉಳಿದದ್ದೂ ಅದೇ ಹರಳಾಗುತ್ತಿತ್ತು. ಕ್ಯಾಪ್ಸೂಲ್‌ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಜೀವ ಉಳಿಸಿಕೊಳ್ಳಲು ಅದನ್ನೇ ನಂಬಿದ್ದ ಜನ, ಕೆಟ್ಟ ರುಚಿಯ ದ್ರವ ಔಷಧಿ ಕುಡಿದು ದಿನ ದೂಡಿದರು. ಇದು ಥಯಾಜೋಲ್‌ನ ತಪ್ಪಲ್ಲ. ಆದರೆ ಪ್ರಯೋಗಾಲಯದಲ್ಲಿ ಚೆನ್ನಾಗಿ ಕೆಲಸ ಮಾಡಿದ ಅಣು ಮಾತ್ರೆಯಾಗಿ ಕೈಗೆ ಬರುವ ತನಕ ಏನೇನು ಎದುರಾಗಬಹುದು ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡು ಜಲಜನಕ ಬಂಧ

ಕ್ಯಾನ್ಸರ್‌ನಲ್ಲಿ ಥಯಾಜೋಲ್ ನಿಜವಾಗಿ ಗೆದ್ದ ಜಾಗ ಡಸಾಟಿನಿಬ್. ದೀರ್ಘಕಾಲದ ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಎಬಿಎಲ್ ಎಂಬ ಕಿಣ್ವ ಹುಚ್ಚು ಹಿಡಿದಂತೆ ಕೆಲಸ ಮಾಡುತ್ತಲೇ ಇರುತ್ತದೆ. 2001ರಲ್ಲಿ ಬಂದ ಇಮಾಟಿನಿಬ್ ಅದನ್ನು ಹಿಡಿತಕ್ಕೆ ತಂದು ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಆದರೆ ಕೆಲವರಲ್ಲಿ ಕಿಣ್ವ ರೂಪಾಂತರ ಹೊಂದಿ ಇಮಾಟಿನಿಬ್‌ಗೆ ಬಗ್ಗದೆ ಹೋಯಿತು. ಅಂಥವರಿಗಾಗಿ 2006ರ ಜೂನ್‌ನಲ್ಲಿ ಡಸಾಟಿನಿಬ್‌ಗೆ ಒಪ್ಪಿಗೆ ಸಿಕ್ಕಿತು. ಅದನ್ನು ರೂಪಿಸಿದ ತಂಡದ ಜಗಬಂಧು ದಾಸ್ ಅವರ ಹೆಸರಿನಿಂದಲೇ ಔಷಧಿಗೆ ಆ ಹೆಸರು.

ಎಬಿಎಲ್ ಕಿಣ್ವದ ಬಾಗಿಲಿನ ಕೀಲಿನಂಥ ಭಾಗದಲ್ಲಿ 318ನೇ ಸ್ಥಾನದಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಇದೆ. ಡಸಾಟಿನಿಬ್‌ನ ಥಯಾಜೋಲ್ ಸಾರಜನಕ ಅದರ ಒಂದು ಜಲಜನಕವನ್ನು ಹಿಡಿಯುತ್ತದೆ. ಥಯಾಜೋಲ್‌ನ 2ನೇ ಸ್ಥಾನದಲ್ಲಿರುವ ಅಮೈನ್ ತನ್ನ ಜಲಜನಕವನ್ನು ಅದೇ ಮೆಥಿಯೊನಿನ್‌ನ ಆಮ್ಲಜನಕಕ್ಕೆ ಕೊಡುತ್ತದೆ. ಒಂದು ಕೊಡು, ಒಂದು ತಗೋ. ಎರಡು ಜಲಜನಕ ಬಂಧ. ಅಣುವಿನ ಉಳಿದ ಭಾಗಗಳು ಒಳಗಿನ ಕುಳಿಗಳಲ್ಲಿ ಸರಿಯಾಗಿ ಹೊಂದಿಕೊಂಡಾಗ ಈ ಹಿಡಿತ ಎಷ್ಟು ಬಿಗಿ ಅಂದರೆ, ಒಂದು ನ್ಯಾನೊಮೋಲಾರ್‌ಗೂ ಕಡಿಮೆ ಪ್ರಮಾಣದಲ್ಲೇ ಕಿಣ್ವ ನಿಲ್ಲುತ್ತದೆ. ನ್ಯಾನೊಮೋಲಾರ್ ಅಂದರೆ ದ್ರಾವಣದಲ್ಲಿ ಔಷಧಿ ಎಷ್ಟಿದೆ ಅಂತ ಹೇಳುವ ಬಹಳ ಸಣ್ಣ ಅಳತೆ. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಂತ ಡಸಾಟಿನಿಬ್‌ಗೂ ಎಲ್ಲವೂ ದಕ್ಕಲಿಲ್ಲ. 315ನೇ ಸ್ಥಾನದ ಥ್ರಿಯೊನಿನ್ ಹೋಗಿ ಐಸೊಲ್ಯೂಸಿನ್ ಬಂದರೆ ಅದರ ಆಟವೂ ನಡೆಯದು. ಅಲ್ಲಿಗೆ ಬೇಕಾದ ಪೊನಾಟಿನಿಬ್ ಎಂಬ ಔಷಧಿಯಲ್ಲಿ ಥಯಾಜೋಲ್ ಇಲ್ಲವೇ ಇಲ್ಲ.

ಮೆಲನೊಮ ಎಂಬ ಚರ್ಮದ ಕ್ಯಾನ್ಸರ್‌ಗೆ ಡಬ್ರಾಫೆನಿಬ್, ಸ್ತನ ಕ್ಯಾನ್ಸರ್‌ನ ಒಂದು ಬಗೆಗೆ ಅಲ್ಪೆಲಿಸಿಬ್, ಇವುಗಳಲ್ಲೂ ಈ ಉಂಗುರವಿದೆ. ಇನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮನುಷ್ಯರಿಗಿಂತ ಎಷ್ಟೋ ಮುಂಚೆ ಈ ಕೆಲಸಕ್ಕೆ ಕೈ ಹಾಕಿವೆ. ಜಪಾನಿನ ಹಮಾವೊ ಉಮೆಜಾವಾ ಅವರ ತಂಡ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾದಿಂದ 1960ರ ದಶಕದಲ್ಲಿ ಹೊರತೆಗೆದ ಬ್ಲಿಯೊಮೈಸಿನ್‌ನಲ್ಲಿ ಎರಡು ಥಯಾಜೋಲ್‌ಗಳು ಒಂದಕ್ಕೊಂದು ಅಂಟಿ ನಿಂತಿವೆ. ಬ್ಯಾಕ್ಟೀರಿಯಾ ಇವನ್ನು ಸಿಸ್ಟೀನ್ ಎಂಬ ಅಮೈನೊ ಆಮ್ಲದಿಂದ ಹೆಣೆಯುತ್ತದೆ. ಆ ಜೋಡಿ ಡಿಎನ್‌ಎ ಹತ್ತಿರ ಲಂಗರು ಹಾಕಲು ನೆರವಾಗುತ್ತದೆ. ಅಣುವಿನ ಇನ್ನೊಂದು ತುದಿ ಕಬ್ಬಿಣ, ಆಮ್ಲಜನಕ ಹಿಡಿದುಕೊಂಡು ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆ. ವೃಷಣದ ಕ್ಯಾನ್ಸರ್ ಇವತ್ತು ಬಹುಪಾಲು ವಾಸಿಯಾಗುತ್ತದಲ್ಲ, ಆ ಯಶಸ್ಸಿನಲ್ಲಿ ಸಿಸ್ಪ್ಲಾಟಿನ್ ಜೊತೆ ಇದಕ್ಕೂ ಪಾಲಿದೆ. ಬ್ಲಿಯೊಮೈಸಿನ್ ಅನ್ನು ನಿಷ್ಕ್ರಿಯ ಮಾಡುವ ಕಿಣ್ವ ಶ್ವಾಸಕೋಶದಲ್ಲಿ ಕಡಿಮೆ. ಅದಕ್ಕೇ ಕೆಲವರಲ್ಲಿ ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗಿಬಿಡುತ್ತದೆ.

ಸುಲಭವಾಗಿ ಸಿಗುವುದರ ತೊಂದರೆ

ಇಷ್ಟೆಲ್ಲ ಔಷಧಿಗಳಲ್ಲಿ ಇದೇ ಉಂಗುರ ಯಾಕೆ? ಗುಣ ಒಂದು ಕಾರಣ. ಇನ್ನೊಂದು ಕಾರಣವನ್ನು ಪ್ರಬಂಧಗಳು ಅಷ್ಟಾಗಿ ಹೇಳುವುದಿಲ್ಲ. ಇದನ್ನು ಮಾಡುವುದು ತುಂಬಾ ಸುಲಭ.

ಜರ್ಮನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಹಾಂಟ್ಶ್ 1887ರಲ್ಲಿ ತೋರಿಸಿಕೊಟ್ಟ ವಿಧಾನವನ್ನೇ ಇವತ್ತಿಗೂ ಬಳಸುತ್ತಾರೆ. ಫಿನಾಸಿಲ್ ಬ್ರೊಮೈಡ್ ಅನ್ನು ಥಯೋಯೂರಿಯಾ ಜೊತೆ ಎಥನಾಲ್‌ನಲ್ಲಿ ಹಾಕಿ ಬಿಸಿ ಮಾಡಬೇಕು. ಫಿನಾಸಿಲ್ ಬ್ರೊಮೈಡ್ ಶೀಶೆ ತೆರೆದರೆ ಕಣ್ಣು ಉರಿದು ನೀರು ಬರುತ್ತದೆ, ಅದಕ್ಕೇ ಗಾಳಿ ಎಳೆಯುವ ಗೂಡಿನೊಳಗೇ ಕೆಲಸ. ಸ್ವಲ್ಪ ಹೊತ್ತಿಗೆ ಕ್ರಿಯೆ ಮುಗಿಯುತ್ತದೆ. ತಣ್ಣಗಾದ ಮೇಲೆ ಕ್ಷಾರ ಹಾಕಿದರೆ ಸಾಕು, ಘನವಸ್ತು ಪುಡಿಪುಡಿಯಾಗಿ ಕೆಳಗಿಳಿಯುತ್ತದೆ. ಸೋಸಿ ಒಣಗಿಸಿದರೆ ಒಂದು ಅಮೈನೊಥಯಾಜೋಲ್, ಅಂದರೆ ಅಮೈನ್ ಅಂಟಿದ ಥಯಾಜೋಲ್, ಕೈಯಲ್ಲಿ. ವಿದ್ಯಾರ್ಥಿಗಳೂ ಮಾಡಬಹುದು. ಆರಂಭದ ವಸ್ತುವನ್ನು ಸ್ವಲ್ಪ ಬದಲಿಸುತ್ತಾ ಹೋದರೆ ಇಪ್ಪತ್ತು, ಮೂವತ್ತು ಹೊಸ ಅಣುಗಳು ಸಾಲಾಗಿ ಸಿದ್ಧ. ಅವನ್ನು ಒಂದಷ್ಟು ಬ್ಯಾಕ್ಟೀರಿಯಾ, ಒಂದಷ್ಟು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದರೆ ಯಾವುದೋ ಒಂದು ಏನೋ ಒಂದು ಮಾಡೇ ಮಾಡುತ್ತದೆ. ಪ್ರಬಂಧ ಸಿದ್ಧ. ಕಲಿಯುವವರಿಗೆ ಇದು ಒಳ್ಳೆಯ ತಾಲೀಮು, ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಅದರಿಂದ ಔಷಧಿಯ ತನಕ ಇರುವ ದೂರವನ್ನು ಮರೆಮಾಚಿ ಸುದ್ದಿ ಮಾಡಿದಾಗ ಬೇಸರವಾಗುತ್ತದೆ.

ಮೊದಲ ತೊಡಕು ಅಳತೆಯದ್ದು. ಡಸಾಟಿನಿಬ್ ತನ್ನ ಗುರಿಯನ್ನು ನಿಲ್ಲಿಸುವುದು ನ್ಯಾನೊಮೋಲಾರ್ ಲೆಕ್ಕದಲ್ಲಿ. ಎಷ್ಟೋ ಪ್ರಬಂಧಗಳ ‘ಪ್ರಬಲ’ ಅಣುಗಳು ಕೆಲಸ ಮಾಡುವುದು ಹತ್ತಾರು ಮೈಕ್ರೊಮೋಲಾರ್‌ನಲ್ಲಿ, ಅಂದರೆ ಹತ್ತು ಸಾವಿರ ಪಟ್ಟು ಜಾಸ್ತಿ ಹಾಕಿದಾಗ. ಅಷ್ಟು ಪ್ರಮಾಣ ರಕ್ತದಲ್ಲಿ ನಿಲ್ಲಿಸುವುದೇ ಕಷ್ಟ. ನಿಲ್ಲಿಸಿದರೂ ಆರೋಗ್ಯವಾದ ಕೋಶಗಳು ಉಳಿಯುತ್ತವೆಯೇ ಅಂತ ಪಕ್ಕದಲ್ಲೇ ಪರೀಕ್ಷಿಸಿರಬೇಕು. ಅದನ್ನು ಮಾಡಿದ್ದಾರೋ ಇಲ್ಲವೋ ಅಂತ ನಾನು ಮೊದಲು ಹುಡುಕುವುದು.

ಎರಡನೆಯದು, ಕಂಡಕಂಡ ಪ್ರೋಟೀನಿಗೆಲ್ಲ ಅಂಟುವ ಗುಣ. ಜೊನಾಥನ್ ಬೇಲ್ ಮತ್ತು ಜಾರ್ಜಿನಾ ಹಾಲೊವೇ 2010ರಲ್ಲಿ, ಪರೀಕ್ಷೆಗಳಲ್ಲಿ ಸುಳ್ಳು ಫಲ ಕೊಟ್ಟು ದಾರಿ ತಪ್ಪಿಸುವ ರಚನೆಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು. ಥಯಾಜೋಲ್‌ನ ಹತ್ತಿರದ ಬಂಧು ರೊಡಾನಿನ್ ಅದರಲ್ಲಿ ಹೆಸರುವಾಸಿ. 2015ರಲ್ಲಿ ಇನ್ನೊಂದು ಪ್ರಬಂಧ ನೇರವಾಗಿ 2-ಅಮೈನೊಥಯಾಜೋಲ್‌ಗಳ ಕಡೆಗೇ ಬೆರಳು ತೋರಿಸಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಪ್ರೋಟೀನುಗಳಿಗೂ ಇವು ಹೋಗಿ ಅಂಟುತ್ತವೆ ಅಂತ ಅದು ತೋರಿಸಿತು. ಅಂದರೆ ಸಣ್ಣ ಅಮೈನೊಥಯಾಜೋಲ್ ಒಂದು ಪ್ರೋಟೀನಿಗೆ ಅಂಟಿತು ಅಂತ ಹಿಗ್ಗುವ ಮೊದಲು, ಬೇರೆ ಇನ್ನೆಷ್ಟಕ್ಕೆ ಅಂಟುತ್ತದೆ ಅಂತ ನೋಡಬೇಕು. ಡಸಾಟಿನಿಬ್‌ನಲ್ಲಿ ಇದೇ ಉಂಗುರ ಗೆದ್ದದ್ದು ಉಳಿದ ಭಾಗಗಳು ಅದನ್ನು ಸರಿಯಾದ ಬಾಗಿಲಿಗೆ ಕರೆತಂದದ್ದರಿಂದ.

ಮೂರನೆಯದು ನನ್ನ ಮನಸ್ಸಿಗೆ ಹಿಡಿಸಿದ ವಿಷಯ. ಮಿಂಚುಹುಳು ಮಿನುಗುವುದು ಲೂಸಿಫೆರಿನ್ ಎಂಬ ಅಣುವಿನಿಂದ. ಅದರ ಒಂದರ್ಧ ಬೆಂಜೊಥಯಾಜೋಲ್, ಇನ್ನೊಂದರ್ಧ ಥಯಾಜೋಲಿನ್. ಎರಡೂ ಥಯಾಜೋಲ್‌ನ ನೆಂಟರೇ. ಪ್ರಯೋಗಾಲಯಗಳಲ್ಲಿ ಕೋಶಗಳು ಬದುಕಿವೆಯೇ ಸತ್ತಿವೆಯೇ ಅಂತ ನೋಡಲು ಮಿಂಚುಹುಳುವಿನ ಇದೇ ವ್ಯವಸ್ಥೆಯನ್ನು ಎರವಲು ತಂದಿದ್ದಾರೆ. ಬದುಕಿರುವ ಕೋಶದಲ್ಲಿ ಎಟಿಪಿ ಎಂಬ ಶಕ್ತಿಯ ಅಣು ಇರುತ್ತದೆ. ಲೂಸಿಫೆರಿನ್ ಮತ್ತು ಅದರ ಕಿಣ್ವ ಲೂಸಿಫೆರೇಸ್ ಹಾಕಿದರೆ, ಎಟಿಪಿ ಇರುವ ಕಡೆ ಬೆಳಕು ಬರುತ್ತದೆ. ಬೆಳಕು ಇಳಿದರೆ ಕೋಶ ಸತ್ತಿದೆ ಅಂತ ಲೆಕ್ಕ. ಈಗ ಪರೀಕ್ಷಿಸುತ್ತಿರುವ ಹೊಸ ಅಣು ಒಂದು ಬೆಂಜೊಥಯಾಜೋಲ್ ಆಗಿದ್ದರೆ? ಅದು ಲೂಸಿಫೆರಿನ್ ಹಾಗೇ ಕಾಣುವುದರಿಂದ ಲೂಸಿಫೆರೇಸ್‌ನ ಜಾಗದಲ್ಲಿ ತಾನೇ ಹೋಗಿ ಕೂತುಬಿಡಬಹುದು. ಬೆಳಕು ಆರುತ್ತದೆ. ಕೋಶಗಳು ಮಾತ್ರ ತಟ್ಟೆಯಲ್ಲಿ ಆರಾಮಾಗಿ ಬದುಕಿರುತ್ತವೆ. ಬೇರೊಂದು ವಿಧಾನದಲ್ಲಿ ಮತ್ತೆ ಎಣಿಸಿ ನೋಡದಿದ್ದರೆ ಕ್ಯಾನ್ಸರ್ ಕೋಶ ಸತ್ತಿತು ಅಂತ ಬರೆದುಬಿಡುವುದು ಸುಲಭ.

ಇವೆಲ್ಲ ದಾಟಿದ ಮೇಲೂ ಸೋಲು ಕಾದಿರಬಹುದು. ಮಿದುಳನ್ನು ತಿಂದುಹಾಕುವ ಪ್ರಿಯಾನ್ ಕಾಯಿಲೆಗೆ ಇವತ್ತಿಗೂ ಮದ್ದಿಲ್ಲ. ಪ್ರಿಯಾನ್ ಅಂದರೆ ತಪ್ಪಾಗಿ ಮಡಚಿಕೊಂಡು ಕಾಯಿಲೆ ಹರಡುವ ಪ್ರೋಟೀನು. ಪ್ರಿಯಾನ್ ಕೆಲಸಕ್ಕಾಗಿ 1997ರಲ್ಲಿ ನೊಬೆಲ್ ಪಡೆದ ಸ್ಟಾನ್ಲಿ ಪ್ರುಸಿನರ್ ಅವರ ತಂಡ 2-ಅಮೈನೊಥಯಾಜೋಲ್‌ಗಳ ಒಂದು ಸಾಲನ್ನೇ ಬೆಳೆಸಿತು. ಪ್ರಯೋಗಾಲಯದ ಪ್ರಿಯಾನ್ ತಗುಲಿಸಿದ ಇಲಿಗಳು ಇವುಗಳಿಂದ ಗಣನೀಯವಾಗಿ ಹೆಚ್ಚು ದಿನ ಬದುಕಿದವು. ಅದು ಸಣ್ಣ ಮಾತಲ್ಲ. ಆದರೆ 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಕಹಿ ಸುದ್ದಿ ಇದ್ದವು. ಔಷಧಿ ಪಡೆದ ಇಲಿಗಳಲ್ಲಿ ಔಷಧಿಗೆ ಜಗ್ಗದ ಪ್ರಿಯಾನ್‌ಗಳು ತಲೆಯೆತ್ತಿದ್ದವು. ಮನುಷ್ಯರ ಪ್ರಿಯಾನ್ ತಗುಲಿಸಿದ ಇಲಿಗಳಲ್ಲಂತೂ ಔಷಧಿಯಿಂದ ಉಪಯೋಗವಾಗಲಿಲ್ಲ. ಆ ತಂಡ ಇದನ್ನು ಮುಚ್ಚಿಡದೆ ಪ್ರಕಟಿಸಿತಲ್ಲ, ನನಗೆ ಅದು ತುಂಬಾ ದೊಡ್ಡ ಕೆಲಸವಾಗಿ ಕಾಣುತ್ತದೆ.

ಮಾರುಕಟ್ಟೆಗೆ ಬಂದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಕೀಲುಗಳು ಊದಿ ನೋಯುವ ಗೌಟ್‌ಗೆ ಕೊಡುವ ಫೆಬುಕ್ಸೊಸ್ಟ್ಯಾಟ್‌ನ ನಡುಮಧ್ಯೆ ಥಯಾಜೋಲ್ ಇದೆ. 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೃದಯದ ತೊಂದರೆ ಇದ್ದವರಲ್ಲಿ ಹಳೆಯ ಔಷಧಿ ಅಲೊಪ್ಯುರಿನಾಲ್‌ಗಿಂತ ಇದರಲ್ಲಿ ಹೃದಯದ ಕಾರಣದ ಸಾವು ಹೆಚ್ಚು ಅಂತ 2018ರ ಅಧ್ಯಯನ ಹೇಳಿತು. ಮರುವರ್ಷ ಎಫ್‌ಡಿಎ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಹಾಕಿಸಿತು. 2020ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಆ ಅಪಾಯ ಕಾಣಿಸಲಿಲ್ಲ. ವೈದ್ಯರು ಈಗ ರೋಗಿಯ ಹೃದಯದ ಚರಿತ್ರೆ ಕೇಳಿಕೊಂಡೇ ಬರೆಯುತ್ತಾರೆ. ಅದು ಸರಿ ಕೂಡ.

ಹಳೆಯ ಜಾಗದಲ್ಲೇ ಅಮೈನೊಥಯಾಜೋಲ್

ಕೊನೆಗೆ ಆ್ಯಂಟಿಬಯಾಟಿಕ್‌ಗಳ ಮಾತು. ಇಂದು ಥಯಾಜೋಲ್ ಬಗ್ಗೆ ಮಾತಾಡುವುದು ನಿಜವಾಗಿ ತುರ್ತಾಗಿರುವುದು ಇಲ್ಲೇ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನೋದು 2022ರಲ್ಲಿ ಬಂದ ಅಂದಾಜು.

ಸೆಫೊಟ್ಯಾಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್, ಸೆಫೆಪಿಮ್. ಆಸ್ಪತ್ರೆಗಳಲ್ಲಿ ದಿನಬೆಳಗಾದರೆ ಕೇಳಿಬರುವ ಈ ಹೆಸರುಗಳಲ್ಲೆಲ್ಲ ಒಂದೇ ತುಣುಕು ಇದೆ. ಪಕ್ಕದ ಸರಪಳಿಯಲ್ಲಿ ಅಮೈನೊಥಯಾಜೋಲ್, ಅದರ ಪಕ್ಕದಲ್ಲೇ ಆಕ್ಸಿಮ್ ಗುಂಪು. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಬಳಸುವ ಪ್ರೋಟೀನುಗಳಿಗೆ ಬಲವಾಗಿ ಅಂಟಲು ಅಮೈನೊಥಯಾಜೋಲ್ ನೆರವಾಯಿತು. ಔಷಧಿಯನ್ನು ಸೀಳಲು ಬರುವ ಬೀಟಾ ಲ್ಯಾಕ್ಟಮೇಸ್ ಕಿಣ್ವಕ್ಕೆ ಆಕ್ಸಿಮ್ ಅಡ್ಡ ನಿಂತಿತು. 1980ರ ದಶಕದ ಆರಂಭದಲ್ಲಿ ಇವುಗಳಲ್ಲಿ ಮೊದಲಿನವು ಬಂದಾಗ ಆ ತನಕ ಜಗ್ಗದಿದ್ದ ಎಷ್ಟೋ ಸೋಂಕುಗಳು ಜಗ್ಗಿದವು.

ಬ್ಯಾಕ್ಟೀರಿಯಾ ಕೈಕಟ್ಟಿ ಕೂರಲಿಲ್ಲ. 1983ರಲ್ಲೇ, ಜರ್ಮನಿಯಲ್ಲಿ, ಈ ಹೊಸ ಔಷಧಿಗಳನ್ನೂ ಸೀಳುವ ಕಿಣ್ವ ವರದಿಯಾಯಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಹರಡಿರುವ ಅಂಥ ಕಿಣ್ವಗಳ ಗುಂಪಿನ ಹೆಸರು ಸಿಟಿಎಕ್ಸ್-ಎಂ. ಸಿಟಿಎಕ್ಸ್ ಅಂದರೆ ಸೆಫೊಟ್ಯಾಕ್ಸಿಮ್, ಎಂ ಅಂದರೆ ಮ್ಯೂನಿಕ್. ಔಷಧಿಯ ಹೆಸರೇ ಅದನ್ನು ಸೋಲಿಸಿದ ಕಿಣ್ವಕ್ಕೂ ಅಂಟಿಕೊಂಡಿದೆ. ಬೇಕಿಲ್ಲದ ಜ್ವರಕ್ಕೂ ಈ ಔಷಧಿ ಕೊಟ್ಟಾಗ ಆ ಕಿಣ್ವ ಹೊತ್ತ ಬ್ಯಾಕ್ಟೀರಿಯಾಗಳಿಗೇ ನಾವು ದಾರಿ ಮಾಡಿಕೊಡುತ್ತೇವೆ.

2019ರ ನವೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿದ ಸೆಫಿಡೆರೊಕಾಲ್ ಈ ಸಾಲಿನ ಹೊಸ ಮರಿ. ಬ್ಯಾಕ್ಟೀರಿಯಾಗೆ ಕಬ್ಬಿಣ ಬೇಕೇ ಬೇಕು. ಅದನ್ನು ಒಳಗೆಳೆದುಕೊಳ್ಳಲು ಅದಕ್ಕೆ ಬೇರೆಯೇ ಬಾಗಿಲುಗಳಿವೆ. ಸೆಫಿಡೆರೊಕಾಲ್‌ನ ಒಂದು ತುದಿಯಲ್ಲಿ ಕಬ್ಬಿಣ ಹಿಡಿಯುವ ಕೆಟೆಕಾಲ್ ಗುಂಪು ಕಟ್ಟಿದ್ದಾರೆ. ಕಬ್ಬಿಣ ಬಂತು ಅಂತ ಬ್ಯಾಕ್ಟೀರಿಯಾ ಬಾಗಿಲು ತೆರೆಯುತ್ತದೆ, ಜೊತೆಗೆ ಔಷಧಿಯೂ ಒಳಗೆ ಹೋಗುತ್ತದೆ. ಬೇರೆ ಯಾವುದಕ್ಕೂ ಬಗ್ಗದ ಕೆಲವು ಸೋಂಕುಗಳಿಗೆ ಇದು ಉಳಿದಿರುವ ಕೆಲವೇ ದಾರಿಗಳಲ್ಲಿ ಒಂದು. ಇದಕ್ಕೂ ಬಗ್ಗದ ತಳಿಗಳು ಆಗಲೇ ಅಲ್ಲಲ್ಲಿ ಕಾಣಿಸಿಕೊಂಡಿವೆ. ಅದರ ರಚನೆ ಬಿಡಿಸಿ ನೋಡಿದರೆ ಇನ್ನೊಂದು ಬದಿಯಲ್ಲಿ ಅಮೈನೊಥಯಾಜೋಲ್ ಕಾಣುತ್ತದೆ, ಪಕ್ಕದಲ್ಲೇ ಆಕ್ಸಿಮ್. ಸೆಫೊಟ್ಯಾಕ್ಸಿಮ್‌ನಲ್ಲಿ ಇದ್ದ ಅದೇ ಜಾಗದಲ್ಲಿ. ನಲವತ್ತು ವರ್ಷಗಳಲ್ಲಿ ರಸಾಯನಶಾಸ್ತ್ರಜ್ಞರು ಬದಲಿಸಿದ್ದು ಅದರ ಸುತ್ತಮುತ್ತಲನ್ನು.